ಕಾಲಿಗೆ ಒಂದು ತಂಬಿಗೆ ನೀರು

ಯಲಬುರ್ಗಾ ಸೀಮೆಯ ನಮ್ಮೂರಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ. ನಾನು ಓದುವವನು, ಅಪ್ಪ ಅರ್ಥ ಹೇಳುವವನು. ಅಪ್ಪ ನಿವೃತ್ತ ಮಾಸ್ತರ. ಅವನು ಬಾಯಿ ತೆರೆದರೆ ಎಲೆಯಡಿಕೆ ಮೆಲ್ಲುವ ಮುದುಕರೂ ದವಡೆ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಮಾತ್ರ ಅವನ ಮಾತಿಗೆ ಅರ್ಥ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನನ್ನ ಮದುವೆ. ಆಯೇರಿಯ ಉಡುಗೊರೆಯಾಗಿ ಕೊಟ್ಟ ಧೋತರ ತೆಳುವೆಂದು ನವಲಿಯಿಂದ ಬಂದಿದ್ದ ಅಕ್ಕನ ಗಂಡ ಉಣ್ಣುವ ಎಲೆ ಬಿಟ್ಟು ಎದ್ದು ಹೋದ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ನಾಗರ ಪಂಚಮಿ ಹತ್ತಿರ ಬಂದಾಗ ಹೇಳಿಯೇ ಬಿಟ್ಟ: "ಈ ಸಲ ಅಕಿನ್ನ ಕರಿಯಾಕ ಹೋಗಬ್ಯಾಡ. ಎಲಿ ಬಿಟ್ಟು ಎದ್ದವನ ಹೊಸ್ತಲಾ ನಾವು ತುಳಿಯಂಗಿಲ್ಲ."

ಹಬ್ಬಕ್ಕೆ ಅಕ್ಕನನ್ನು ಕರೆತರುವುದು ತಮ್ಮನ ಕೆಲಸ. ಅವ್ವ ಇದ್ದಿದ್ದರೆ ಜಗಳಾಡಿಯಾದರೂ ನನ್ನನ್ನು ಕಳಿಸುತ್ತಿದ್ದಳು. ಅವಳು ತೀರಿ ಎರಡು ವರ್ಷವಾಗಿತ್ತು. ನಾನು ಹೂಂ ಅಂದೆ. ಅದೇ ವಾರ ನನ್ನ ಹೆಂಡತಿಯನ್ನು ಅವಳಣ್ಣ ಬಂದು ಕರೆದೊಯ್ದ. ನಾಚಿಕೆಗೇಡಿ ನಾನು, ಅವರನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಿಯೂ ಬಂದೆ.

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಅಕ್ಕ ತಾನೇ ಬಂದಳು, ಕೈಯಲ್ಲಿ ಉಂಡಿಯ ಡಬ್ಬಿ. "ನಿನ್ನ ಹಾದಿ ನೋಡಿ ಸಾಕಾತೋ ತಮ್ಮಾ, ನಾನ ಬಂದ್ನಿ" ಅಂದಳು. ನಮ್ಮಲ್ಲಿ ಹಾದಿಹೋಕ ಬಂದರೂ ಮೊದಲು ಕಾಲಿಗೆ ನೀರು ಕೊಡುತ್ತೇವೆ. ನಾನು ತಂಬಿಗೆ ತುಂಬಿಕೊಂಡು ಬಾಗಿಲ ತನಕ ಹೋದೆ. ಪಡಸಾಲೆಯಲ್ಲಿ ಕೂತಿದ್ದ ಅಪ್ಪ ನನ್ನ ಕಡೆ ನೋಡಿದ, ಅಷ್ಟೇ. ತಂಬಿಗೆಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ಮದುವೆಯಾದ ಗಂಡಸು ನಾನು. ಅಕ್ಕ ಒಂದು ಗಳಿಗೆ ಕಾದು, ಧೂಳುಗಾಲಲ್ಲೇ ಒಳಗೆ ಬಂದಳು.

ಆ ಸಂಜೆ ಪುರಾಣದಲ್ಲಿ, ತಂದೆ ಕರೆಯದಿದ್ದರೂ ಶಿವನ ಹೆಂಡತಿ ತವರಿನ ಯಜ್ಞಕ್ಕೆ ಹೋಗುವ ಕಥೆ. ಅಕ್ಕ ಹೆಂಗಸರ ನಡುವೆ ಕೂತಿದ್ದಳು. ತಂದೆ ಮಗಳತ್ತ ತಿರುಗಿಯೂ ನೋಡದ ಭಾಗ ಓದುವಾಗ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಪ್ಪ ಅರ್ಥ ಹೇಳಿದ: "ಅಳಿಯನ ಮ್ಯಾಲಿನ ಸಿಟ್ಟು ಮಗಳ ಮ್ಯಾಲೆ ತೀರಿಸಿದ. ಎಂಥಾ ತಂದಿ ನೋಡ್ರಿ. ಮಗಳು ಬಂದಾಳ, ಬಾರವ್ವ ಅನ್ನಾಕ ಅವನ ನಾಲಗಿ ಏಳಲಿಲ್ಲ." ಹೇಳುತ್ತ ಹೇಳುತ್ತ ಅವನ ದನಿ ನಡುಗಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಈಗ ಎದ್ದು ಬಂದು ಅಕ್ಕನನ್ನು ಮಾತಾಡಿಸುತ್ತಾನೆ ಅಂದುಕೊಂಡೆ. ಅಪ್ಪ ಪುಸ್ತಕಕ್ಕೆ ಕೈಮುಗಿದು, ಚಪ್ಪಲಿ ಮೆಟ್ಟಿ, ನಮಗಿಂತ ಮುಂದೆ ಮನೆಗೆ ನಡೆದ.

"ಅಪ್ಪ ಭಾಳ ಛಲೋ ಹೇಳಿದ, ಅಲ್ಲೇನೋ?" ಅಂದಳು ಅಕ್ಕ ದಾರಿಯಲ್ಲಿ. ಹಬ್ಬದ ದಿನ ಮೊದಲ ಬಸ್ಸಿಗೇ ಹೊರಟುಹೋದಳು. ಉಂಡಿಯ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಅಡುಗೆಮನೆಯಲ್ಲಿತ್ತು.

ಮರುವರ್ಷ ಪಂಚಮಿ ಬಂದಾಗ ಅಪ್ಪನೇ, "ಹೋಗಿ ಕರಕೊಂಡು ಬಾ" ಅಂದ. ಅವನ ದನಿ ಇಳಿದಿತ್ತು. ನವಲಿಯಲ್ಲಿ ನಾಟಿಯ ಕಾಲ, ನನ್ನ ಕಾಲು ಮೊಣಕಾಲ ತನಕ ಕೆಸರಾಗಿತ್ತು. ಅಕ್ಕ ನನ್ನನ್ನು ಕಂಡದ್ದೇ ಒಳಗೆ ಹೋಗಿ ತಂಬಿಗೆ ತುಂಬಿ ತಂದಳು. "ಕಾಲು ತೊಳಕೋ ತಮ್ಮಾ." ತೊಳೆದುಕೊಂಡೆ. ಬಡಿಸಿದಳು, ಉಂಡೆ.

"ಅಪ್ಪನೇ ಕಳಿಸ್ಯಾನ, ನಡಿಯಕ್ಕಾ" ಅಂದೆ.

"ಅಪ್ಪಂದು ಬಿಡು. ಅವಗ ಸಿಟ್ಟಿತ್ತು" ಅಂದಳು. "ನಿನಗೇನಾಗಿತ್ತೋ?"

ಸಂಜೆಯ ಬಸ್ಸಿಗೆ ಒಬ್ಬನೇ ತಿರುಗಿ ಬಂದೆ. ಅಪ್ಪ ತುಂಬಿದ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.