ಗೇರಿನಲ್ಲಿಟ್ಟು ಒರೆಸಿದ ಚೈನು

ನಮ್ಮ ಕಡೆ ಗಂಡಸರಿಗೆ ಬೈಕಿನ ಮೇಲಿರುವ ಪ್ರೀತಿ ಟ್ಯಾಂಕಿನಿಂದ ಕೆಳಗಿಳಿಯುವುದಿಲ್ಲ. ಟ್ಯಾಂಕಿಗೆ ಶಾಂಪು ಹಾಕಿ ತೊಳೆಯುತ್ತಾರೆ, ಹೆಡ್‌ಲೈಟಿಗೆ ಕುಂಕುಮ ಇಡುತ್ತಾರೆ. ಚೈನು ಕಬ್ಬಿನ ಗದ್ದೆಯ ಕೆಸರು ಮೆತ್ತಿಕೊಂಡು ಜೋತು ಬಿದ್ದಿದ್ದರೂ ಬಗ್ಗಿ ನೋಡುವುದಿಲ್ಲ. ಬ್ರೇಕು ಹಿಡಿಯದಿದ್ದರೆ ನಟ್ಟನ್ನು ಇನ್ನೆರಡು ಸುತ್ತು ಬಿಗಿದು, ಒಳಗೆ ಶೂ ಸವೆದಿದೆಯೇ ಎಂದು ಬಿಚ್ಚಿಯೂ ನೋಡದೆ, ಎರಡು ಹೊರೆ ಹುಲ್ಲು ಹೇರಿಕೊಂಡು ಹೊರಡುತ್ತಾರೆ. ಈ ದಡ್ಡರಲ್ಲಿ ಮೊದಲನೆಯವನು ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ ಎನ್ನುವುದು ನೆಪವಾಗದು. ಇಂಜಿನ್ ಆಫ್ ಮಾಡಲು ಓದು ಬೇಕಿಲ್ಲ.

ಮದ್ದೂರಿನ ಮೆಕ್ಯಾನಿಕ್ಕು ನನಗೆ ಬಿಡಿಸಿ ಹೇಳಿದ್ದ. ದೊಡ್ಡ ಸ್ಟ್ಯಾಂಡ್ ಹಾಕಿ, ಇಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಚೈನು ಒರೆಸಬೇಕು. ಎಣ್ಣೆ ಬ್ರೇಕಿಗೆ ಸಿಡಿಯಬಾರದು. ಊರಿಗೆ ಬಂದು ಅವನನ್ನು ಆಡಿಕೊಂಡು ನಕ್ಕಿದ್ದೆ.

ಆಯುಧಪೂಜೆಯ ಬೆಳಿಗ್ಗೆ, ಆತಗೂರಿನ ಹತ್ತಿರದ ನಮ್ಮ ಮನೆಯ ಮುಂದೆ, ನಾನೂ ತಮ್ಮನೂ ಬೈಕು ತೊಳೆಯುತ್ತಿದ್ದೆವು. ಪೂಜೆಗೆ ಹೊತ್ತಾಗುತ್ತಿತ್ತು. ನಾನು ದೊಡ್ಡ ಸ್ಟ್ಯಾಂಡ್ ಹಾಕಿದ್ದ ಬೈಕನ್ನು ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ಆಕ್ಸಿಲರೇಟರ್ ಹಿಡಿದು ನಿಂತೆ. ಹಿಂದಿನ ಚಕ್ರ ತಾನೇ ತಿರುಗತೊಡಗಿತು. ತಮ್ಮನು ಹಳೇ ಪಂಚೆಯ ತುಂಡನ್ನು ಸೀಮೆಎಣ್ಣೆಗೆ ಅದ್ದಿಕೊಂಡು ಚೈನಿನ ಹತ್ತಿರ ಕೂತಿದ್ದ.

"ಆಫ್ ಮಾಡ್ಬುಡಣ್ಣ, ಕೈಲೇ ತಿರುಗುಸ್ಕತೀನಿ," ಅಂದ.

"ನೀನು ಕೈಲಿ ತಿರುಗುಸ್ತಾ ಕೂತ್ರೆ ದೀಪಾವಳಿನೇ ಬಂದ್ಬುಡ್ತದೆ ಕಣ್ಲಾ. ಬಟ್ಟೆ ಇಡ್ಕ ಸಾಕು, ಎಂಗುಸ್ರಂಗೆ ಎದ್ರುತೀಯಲ್ಲ."

ಹಿಡಿದ. ಪಂಚೆ ಚೈನಿಗೆ ಸಿಕ್ಕಿತು, ಅದರ ಹಿಂದೆ ಅವನ ಬಲಗೈ ಹೋಯಿತು. ಎರಡು ಬೆರಳು ಹಲ್ಲಿನ ಚಕ್ರದಲ್ಲಿ ಅರ್ಧಕ್ಕೆ ತುಂಡಾದವು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. "ನಾನು ಆಫ್ ಮಾಡೋಕ್ಮುಂಚೆನೇ ಕೈ ಆಕ್ಬುಟ್ಟ ಸಾರ್," ಅಂದೆ. ತಮ್ಮನು ಅಲ್ಲೇ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಮನೆಯಲ್ಲೂ ಊರಲ್ಲೂ ಅದನ್ನೇ ಹೇಳಿದೆ. ನನ್ನಷ್ಟು ಅಗ್ಗದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ.

ಮನೆಯಲ್ಲಿ ಹಸುಗಳ ಹಾಲು ಕರೆಯುತ್ತಿದ್ದವನು ತಮ್ಮನೇ. ಆಮೇಲೆ ಅವನ ಹಿಡಿತ ಸರಿಬರಲಿಲ್ಲ. ಕೈ ಜಾರಿ ಹಾಲು ಚೆಲ್ಲಿದಾಗಲೆಲ್ಲ ಅವ್ವ ಬೈಯುತ್ತಿದ್ದಳು, ಎರಡು ವರ್ಷ. ನಾನು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಹೋದ ತಿಂಗಳು ಮತ್ತೆ ಚೆಲ್ಲಿತು. "ನೋಡ್ಕಂಡು ಕೈ ಆಕಿದ್ರೆ ಈ ಗತಿ ಬತ್ತಿತ್ತಾ ನಿಂಗೆ," ಅಂದಳು ಅವ್ವ.

"ಅವ್ನಾಗಿ ಆಕಲಿಲ್ಲ ಕಣವ್ವ," ಅಂದೆ. "ಆಫ್ ಮಾಡು ಅಂದ. ನಾನೇ ಮಾಡ್ನಿಲ್ಲ. ಎಲ್ರಿಗೂ ಸುಳ್ಳೇಳ್ದೆ."

ಅವ್ವ ತಮ್ಮನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ.

"ಈಗ ನಿಜ ಏಳ್ಬುಟ್ರೆ ಬೆರಳು ಬತ್ತವಾ," ಅಂದ. "ನಾನು ಆಸ್ಪತ್ರೇಲೇ ಏಳ್ತೀಯ ಅಂದ್ಕಂಡಿದ್ದೆ."

ಅವ್ವ ಅವನ ಕೈಯಿಂದ ಬಕೆಟ್ ಕಿತ್ತುಕೊಂಡು ನನ್ನ ಮುಂದೆ ಕುಕ್ಕಿದಳು. ಅಂದಿನಿಂದ ಹಾಲು ಕರೆಯುವವನು ನಾನು. ನನ್ನ ಕೈಗೆ ಹಸು ಪೂರ್ತಿ ಹಾಲು ಬಿಡುವುದಿಲ್ಲ. ತಮ್ಮನು ಪಕ್ಕದಲ್ಲೇ ನಿಂತು ನೋಡುತ್ತಾನೆ, ಹೇಗೆ ಹಿಡಿಯಬೇಕೆಂದು ಹೇಳಿಕೊಡುವುದಿಲ್ಲ. ಕೇಳುವ ಮುಖ ನನಗೂ ಇಲ್ಲ.