ಬೋರ್ಡಿಲ್ಲದ ಖಾನಾವಳಿ

ಹಳಿಯಾಳಕ್ಕೆ ಹೊಸದಾಗಿ ಬಂದವರು ಯಾರೇ ಆಗಲಿ, ಊಟಕ್ಕೆ ಎಲ್ಲಿ ಚೆನ್ನಾಗಿದೆ ಎಂದು ಕೇಳಿದರೆ ನಮ್ಮ ಕಾಲೇಜಿನಲ್ಲಿ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ನನ್ನ ಹೊಟ್ಟೆಯ ಸುತ್ತಳತೆ ನೋಡಿ ಅವರು ಹಾಗೆ ತಿಳಿದಿರಬೇಕು. ಗಣಿತ ಕಲಿಸುವ ಮೇಷ್ಟ್ರನ್ನು ಗಣಿತದ ಬಗ್ಗೆ ಈವರೆಗೆ ಯಾರೂ ಇಷ್ಟು ನಂಬಿಕೆಯಿಂದ ಏನನ್ನೂ ಕೇಳಿಲ್ಲ. ಹಾಗಾಗಿ ಸಿಕ್ಕ ಗೌರವವನ್ನು ನಾನು ಬಿಟ್ಟುಕೊಟ್ಟಿರಲಿಲ್ಲ.

ಹೆಂಡತಿಯ ನೌಕರಿ ಧಾರವಾಡದಲ್ಲಿ, ನನ್ನದು ಇಲ್ಲಿ. ವಾರವೆಲ್ಲ ಹೋಟೆಲೇ ಗತಿಯಾದ ಮನುಷ್ಯನಿಗೆ ಒಂದಷ್ಟು ಸಿದ್ಧಾಂತಗಳು ತಾವಾಗಿಯೇ ಹುಟ್ಟುತ್ತವೆ. ಬೋರ್ಡು ದೊಡ್ಡದಾದಷ್ಟೂ ಪಲ್ಯದ ಬಟ್ಟಲು ಚಿಕ್ಕದು. 'ಮನೆ ಊಟ' ಎಂದು ಬರೆಸಿದ ಕಡೆ ಹೋಗಬಾರದು, ಏಕೆಂದರೆ ಮನೆಯಲ್ಲಿ ಯಾರೂ ಹಾಗೆ ಬರೆಸಿ ಊಟ ಹಾಕುವುದಿಲ್ಲ. ಬಸ್ಸಿನ ಕಂಡಕ್ಟರು ಉಣ್ಣುವ ಜಾಗವೂ ನಂಬಿಕೆಗೆ ಅರ್ಹವಲ್ಲ. ಅವನು ಉಣ್ಣುವುದು ರುಚಿ ಇದ್ದ ಕಡೆಯಲ್ಲ, ಬಸ್ಸು ನಿಲ್ಲುವ ಕಡೆ. ಇನ್ನು ನನ್ನ ಪರಮ ಸಿದ್ಧಾಂತ: ಒಳ್ಳೆಯ ಖಾನಾವಳಿಯನ್ನು ಕಣ್ಣಿನಿಂದ ಹುಡುಕಬಾರದು, ಕಿವಿಯಿಂದ ಹುಡುಕಬೇಕು. ರೊಟ್ಟಿ ಬಡಿಯುವ ಸದ್ದು ಎಲ್ಲಿ ಬಿಡುವಿಲ್ಲದೆ ಕೇಳುತ್ತದೋ ಅಲ್ಲಿ ನುಗ್ಗಬೇಕು. ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಬಾಯಿ ತೆರೆಯುತ್ತಿದ್ದಂತೆ ಕೆಲವರು ಕ್ಲಾಸಿಗೆ ಎದ್ದು ಹೋಗುತ್ತಾರೆ.

ಆಗಲೇ ನಂಜುಂಡ ಬಂದದ್ದು. ಮಂಡ್ಯ ಕಡೆಯ ಹುಡುಗ, ನಮ್ಮ ವಿಭಾಗಕ್ಕೆ ಹೊಸ ಲೆಕ್ಚರರ್. ಪಾಠ ಚೆನ್ನಾಗಿ ಮಾಡುತ್ತಿದ್ದ, ಊಟ ಮಾತ್ರ ಸೇರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಅವನ ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಜಾಗವಾಯಿತು. ಒಂದು ದಿನ, "ಸಾರ್, ಈ ತಿಂಗಳು ಮುಗಿಸಿ ಊರಿಗೆ ಹೋಗ್ಬಿಡ್ತೀನಿ" ಎಂದ. ಅವನು ಹೋದರೆ ಅವನ ಬೆಳಗಿನ ಎಂಟು ಗಂಟೆಯ ಕ್ಲಾಸು ನನ್ನ ತಲೆಗೆ. ಅದಕ್ಕಿಂತ ಹೆಚ್ಚಾಗಿ, ಊಟದ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಿದ್ದವನು ಅವನೊಬ್ಬನೇ. ಹೇಗಾದರೂ ಮಾಡಿ ಅವನನ್ನು ಇಲ್ಲೇ ಉಳಿಸಿಕೊಳ್ಳಬೇಕಿತ್ತು.

ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಕರೆದೊಯ್ದು ತುಕ್ಪಾ ಎಂಬ ಶಾವಿಗೆ ಸಾರು ಕುಡಿಸಿದೆ. ಮೋಮೊ ತಿನ್ನಿಸಿದೆ. ಎಲ್ಲ ಮುಗಿಸಿ, "ತಿಂಡಿ ಚೆನ್ನಾಗಿತ್ತು ಸಾರ್, ಊಟ ಎಲ್ಲಿ?" ಎಂದ. ಜೋಯಿಡಾದಲ್ಲಿ ಕೊಂಕಣಿ ಅಮ್ಮನೊಬ್ಬರು ಬಡಿಸಿದ ಮೀನು ಸಾರು ಉಂಡು ಅದೇ ಪ್ರಶ್ನೆ ಕೇಳಿದ. ದಾಂಡೇಲಿಯಲ್ಲಿ ಪ್ರವಾಸಿಗರ ಹೋಟೆಲಿಗೆ ಹೊಕ್ಕೆವು. ಅಲ್ಲಿ ಪ್ರಶ್ನೆ ಕೇಳುವ ಶಕ್ತಿಯೂ ಅವನಲ್ಲಿ ಉಳಿಯಲಿಲ್ಲ.

ಕೊನೆಗೊಂದು ಭಾನುವಾರ ಮಧ್ಯಾಹ್ನ ಇಬ್ಬರೂ ಹಳಿಯಾಳದ ಒಂದು ಓಣಿಯಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಡೆಯುತ್ತಿದ್ದೆವು. ಪಟಪಟನೆ ರೊಟ್ಟಿ ಬಡಿಯುವ ಸದ್ದು! ನಾಲ್ಕೈದು ಕೈಗಳು ಒಟ್ಟಿಗೆ ಬಡಿಯುತ್ತಿದ್ದವು. ಬೋರ್ಡಿಲ್ಲ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಉಂಡವರು ಕೈ ಒರೆಸಿಕೊಳ್ಳುತ್ತ, ಎಲೆ ಅಡಿಕೆ ಮೆಲ್ಲುತ್ತ ಹೊರಗೆ ಬರುತ್ತಿದ್ದರು. ನನ್ನ ಸಿದ್ಧಾಂತಗಳೆಲ್ಲ ಒಂದೇ ಮನೆಯಲ್ಲಿ ವಾಸವಾಗಿದ್ದವು. "ನೋಡಿದೆಯಾ?" ಎಂದು ನಂಜುಂಡನ ತೋಳು ಹಿಡಿದು ಒಳಗೆ ಎಳೆದೆ.

ಅಂಥ ಉಪಚಾರವನ್ನು ನಾನು ಯಾವ ಹೋಟೆಲಿನಲ್ಲೂ ಕಂಡಿರಲಿಲ್ಲ. ಕೂರುವ ಮೊದಲೇ ಕೈಗೆ ನೀರು ಕೊಟ್ಟರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೇಲೆ ತುಪ್ಪ ಸುರಿದ ಹೋಳಿಗೆ. "ಬ್ಯಾಡ ಅನಬ್ಯಾಡ್ರಿ, ಇನ್ನೊಂದ ತಗೋರಿ" ಎಂದು ಬಡಿಸುವವರು ಅಂಗಲಾಚುತ್ತಿದ್ದರು. ನಂಜುಂಡ ತಲೆ ಎತ್ತದೆ ಉಂಡ. ನಾನಾದರೋ ತಜ್ಞ, ಸುಮ್ಮನೆ ಉಣ್ಣಲಾದೀತೇ? ಎಣ್ಣೆಗಾಯಿಗೆ ಉಪ್ಪು ತುಸು ಮುಂದು ಎಂದೆ. ಹೋಳಿಗೆ ಭಾನುವಾರ ಮಾತ್ರವೋ ದಿನಾ ಇರುತ್ತದೋ ಎಂದು ವಿಚಾರಿಸಿದೆ. ಬಡಿಸುತ್ತಿದ್ದಾಕೆ ಬೆಪ್ಪಾಗಿ ನಕ್ಕು ಒಳಗೆ ಹೋದಳು. ಕೈ ತೊಳೆದವನೇ, ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ತಲೆಗೆ ಪಟಗ ಸುತ್ತಿದ ಯಜಮಾನರ ಬಳಿ ಹೋಗಿ ಎಷ್ಟಾಯಿತೆಂದು ಕೇಳಿದೆ.

"ಯಾವುದು ಎಷ್ಟಾತ್ರಿ?"

"ಎರಡು ಊಟ."

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಬೆಳಗಾವಿ ಬೀಗರ ಕಡೆಯವ್ರಲ್ಲೇನ್ರಿ?"

ಅಷ್ಟರಲ್ಲಿ ಒಳಗಿನಿಂದ ತೊಟ್ಟಿಲ ಹಾಡು ಕೇಳಿಸಿತು. ಅವರ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮ! ಮನೆಯವರು ನಮ್ಮನ್ನು ಬೀಗರ ಪೈಕಿ ಎಂದುಕೊಂಡಿದ್ದರು, ಬೀಗರು ನಮ್ಮನ್ನು ಮನೆಯವರ ಪೈಕಿ ಎಂದುಕೊಂಡಿದ್ದರು. ಈ ಸೀಮೆಯಲ್ಲಿ ಬೀಗರನ್ನು ನೀವು ಯಾರು ಎಂದು ಕೇಳುವಷ್ಟು ಧೈರ್ಯ ಯಾರಿಗಿದೆ? ಉಪ್ಪು ಮುಂದು ಎಂದದ್ದರಿಂದ ಅವರಿಗೆ ಸಂಶಯ ಬರುವುದಿರಲಿ, ಇವರು ಬೀಗರೇ ಎಂಬುದು ಖಾತ್ರಿಯಾಯಿತಂತೆ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗದ್ದಲ ಕೇಳಿ ಮನೆಯೊಡತಿ ಗಂಗಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ವಿಷಯ ತಿಳಿದು ಗಂಡನನ್ನೇ ಗದರಿದರು. "ಕೂಸಿನ ಹೆಸರಿಡೂ ದಿನ ಹಸದ ಬಂದಾರ, ಉಂಡಾರ. ಅವ್ರನ್ನ ಬಾಗಲದಾಗ ನಿಂದರ್ಸಿ ಏನ್ ಕೇಳ್ತೀರಿ? ಇವ್ರೂ ನಮ್ಮ ಬೀಗರ ಅಂತ ತಿಳದ್ರಾತು. ಕೂಡ್ರಿ ಸರ, ಎಲಿ ಅಡಕಿ ತಗೋರಿ."

ನಂಜುಂಡನ ಕಣ್ಣಲ್ಲಿ ನೀರು. ಎಣ್ಣೆಗಾಯಿಯ ಖಾರಕ್ಕೆಂದುಕೊಂಡೆ. "ಮನೇಲಿ ಕೂತು ಉಂಡು ಮೂರು ತಿಂಗಳಾಗಿತ್ತು ಕಣಮ್ಮ" ಎಂದ. ಗಂಗಾಬಾಯಿ ಅವನ ಜೋತು ಬಿದ್ದ ಅಂಗಿಯನ್ನೊಮ್ಮೆ ನೋಡಿದರು. "ನಾಳಿಂದ ಇಲ್ಲೇ ಬಾರಪ್ಪಾ. ನಮಗ ಮಾಡಿದ್ರಾಗ ನಿನಗೂ ಎರಡ ರೊಟ್ಟಿ."

ಅವನು ಮರುದಿನವೇ ಊಟಕ್ಕೆ ಹೋದ. ಸುಮ್ಮನೆ ಉಣ್ಣಲು ಒಪ್ಪದೆ ತಿಂಗಳಿಗಿಷ್ಟು ಎಂದು ಗೊತ್ತು ಮಾಡಿಕೊಂಡ. ಒಬ್ಬ ಗೆಳೆಯನನ್ನು ಕರೆದೊಯ್ದ. ಆಮೇಲೆ ಹಾಸ್ಟೆಲ್ಲಿನ ಅರ್ಧ ಜನ ಹಿಂಬಾಲಿಸಿದರು. ವರ್ಷ ತುಂಬುವುದರೊಳಗೆ ಗಂಗಾಬಾಯಿಯ ಪಡಸಾಲೆ ಊರಿನ ಅತ್ಯುತ್ತಮ ಖಾನಾವಳಿಯಾಯಿತು. ಬೋರ್ಡು ಇವತ್ತಿಗೂ ಇಲ್ಲ. ನಂಜುಂಡನ ಅಂಗಿ ತುಂಬಿತು. ಊರಿಗೆ ಹೋಗುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಎಂಟು ಗಂಟೆಗೆ ನಾನು ನಿಶ್ಚಿಂತೆಯಾಗಿ ಮಲಗಿರುತ್ತೇನೆ.

ಆದರೆ ನನ್ನ ಗತಿ ಕೇಳಿ. ಎಲ್ಲರೂ ಅಲ್ಲಿ ಗಿರಾಕಿಗಳು, ನಾನೊಬ್ಬನೇ ಬೀಗ. ಹೋದೊಡನೆ "ಬೀಗರು ಬಂದ್ರು" ಎಂದು ಮನೆಯವರೆಲ್ಲ ನಗುತ್ತಾರೆ. ನನ್ನನ್ನು ಒಳಮನೆಗೆ ಕರೆದು, ಮಣೆ ಹಾಕಿ, ಪೂರಿ ಕರಿದು, ಶಿರಾ ಬಡಿಸುತ್ತಾರೆ. ನನಗೋ ಸಕ್ಕರೆ ಕಾಯಿಲೆ. ಹೊರಗೆ ಹುಡುಗರು ಬಿಸಿ ರೊಟ್ಟಿಗೆ ಕಡಲೆಹಿಟ್ಟಿನ ಝುಣಕಾ, ಹಸಿಮೆಣಸಿನ ಖಾರ ಹಚ್ಚಿಕೊಂಡು ಸೊರ್ ಎನ್ನುವುದು ಒಳಗೆ ಕೇಳಿಸುತ್ತದೆ. ಅದರ ಪರಿಮಳವೂ ಬರುತ್ತದೆ. ನನಗೂ ಹೊರಗೇ ಹಾಕಿ ಎಂದು ಎಷ್ಟೋ ಸಲ ಬೇಡಿಕೊಂಡೆ. "ಬೀಗರಿಗೆ ಪಡಸಾಲ್ಯಾಗ ರೊಟ್ಟಿ ಹಾಕಿದ್ರ ಮಂದಿ ಏನಂದಾರು?" ಎನ್ನುತ್ತಾರೆ ಗಂಗಾಬಾಯಿ. ಹಣವನ್ನಂತೂ ಮುಟ್ಟುವುದಿಲ್ಲ. ಹೀಗಾಗಿ ಬಾಳೆಹಣ್ಣು ಹಿಡಿದು ಅಪರೂಪಕ್ಕೊಮ್ಮೆ ಹೋಗುತ್ತೇನೆ. ಉಳಿದ ದಿನ ಬಸ್‌ಸ್ಟ್ಯಾಂಡಿನ ಉಪ್ಪಿಟ್ಟಿನ ಮುಂದೆ ಕಂಡಕ್ಟರನ ಪಕ್ಕ ನಿಂತಿರುತ್ತೇನೆ.

ಮೊನ್ನೆ ಹೋದಾಗ ಗಂಗಾಬಾಯಿ ಬೆಳಗಾವಿಗೆ ಹೋಗಿದ್ದರು. ಹೊಸದಾಗಿ ಮನೆ ತುಂಬಿದ ಸೊಸೆ ಸವಿತಾ ನನ್ನನ್ನು ಕಂಡವಳಲ್ಲ. "ಬರ್ರಿ, ಅಲ್ಲೇ ಸಾಲಿನ್ಯಾಗ ಕೂಡ್ರಿ" ಎಂದಳು. ನಂಜುಂಡನ ಪಕ್ಕದಲ್ಲಿ ತಟ್ಟೆ ಬಂತು. ಬಿಸಿ ರೊಟ್ಟಿ, ಝುಣಕಾ, ಹಸಿಮೆಣಸಿನ ಖಾರ. ವರ್ಷದಿಂದ ಬಯಸಿದ್ದೆಲ್ಲ ಕಣ್ಣೆದುರೇ ಹೊಗೆಯಾಡುತ್ತಿತ್ತು.

ಮುರಿದ ಮೊದಲ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ. ಸಾಲಿನಲ್ಲಿ ಕೂಡಿಸುವುದೇ ನನ್ನನ್ನು? ಮಣೆ ಇಲ್ಲವೇ ಈ ಮನೆಯಲ್ಲಿ? ಇಷ್ಟು ವರ್ಷ ಇದ್ದ ಊರಿನಲ್ಲಿ ನನ್ನನ್ನು ಒಳಗೆ ಕರೆಯುತ್ತಿದ್ದುದು ಇದೊಂದೇ ಮನೆ ಎಂಬುದು ಆಗ ಹೊಳೆದು ನಿಜಕ್ಕೂ ಸಂಕಟವಾಯಿತು. ಮುಖ ಊದಿಸಿಕೊಂಡು ಕೂತೆ. ನಂಜುಂಡ ನನ್ನನ್ನು ನೋಡಿದ, ನಗು ನುಂಗಿಕೊಂಡು ಎದ್ದು ಹೋಗಿ ಸವಿತಾಳಿಗೆ ಏನೋ ಹೇಳಿದ.

ಅವಳು ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದಳು. "ತಪ್ಪಾತ್ರಿ, ನಂಗ ಗೊತ್ತಾಗ್ಲಿಲ್ಲ. ಒಳಗ ಬರ್ರಿ, ಶಿರಾ ಮಾಡ್ತೇನಿ. ಸಕ್ರಿ ಹೆಂಗ ಹಾಕ್ಲಿ, ಕಡಿಮಿ ಮಾಡ್ಲ್ಯಾ?"

ನಾನು ಬಿಸಿ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದೆ.

"ಬೀಗರಿಗೆ ಹೇಗೆ ಹಾಕುತ್ತಾರೋ ಹಾಗೇ ಹಾಕಮ್ಮ" ಎಂದೆ.