ಹಳೆಯ ಫೋಲ್ಡರ್ ಅಳಿಸಿದ ಬೆಳಿಗ್ಗೆ

2022 ಇರಬೇಕು. ಹುಮನಾಬಾದಿನಲ್ಲಿ ಸ್ವಂತವಾಗಿ ಸರ್ವರ್ ನಿರ್ವಹಣೆಯ ಕೆಲಸ ಮಾಡಿಕೊಂಡಿದ್ದೆ. ಬಸವಕಲ್ಯಾಣದ ನಿವೃತ್ತ ಶಿಕ್ಷಕ ಶರಣಪ್ಪ ಮಾಸ್ತರರು ಸುತ್ತಲಿನ ಊರುಗಳ ಮೊಹರಂನಲ್ಲಿ ಹಾಡುವ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮನೆಯ ಮುಂದಿನ ಕೋಣೆಯ ಲಿನಕ್ಸ್ ಸರ್ವರಿನಲ್ಲಿ ಇಟ್ಟಿದ್ದರು. ಯಾರು ಬೇಕಾದರೂ ಹೋಗಿ ಕೇಳಬಹುದಿತ್ತು. ಅದರ ಕಂಟೇನರ್ ಸಾಫ್ಟ್‌ವೇರ್ ಹಳೆಯದಾಗಿತ್ತು. ಹೊಸದನ್ನು ಹಾಕಿಕೊಡು ಎಂದರು.

ಒಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದದ್ದೆಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿ ಓಡಿಸುವ ಸಾಫ್ಟ್‌ವೇರ್ ಅದು. ಹೊಸದನ್ನು ಹಾಕುವ ಮೊದಲು ಹಳೆಯ ಪ್ಯಾಕೇಜ್ ತೆಗೆಯಬೇಕು. ತೆಗೆದರೂ ಅದು ಕೂಡಿಟ್ಟದ್ದು ಒಂದು ಫೋಲ್ಡರಿನಲ್ಲಿ ಹಾಗೆಯೇ ಉಳಿಯುತ್ತದೆ. ಬೇಡವಾದರೆ ನಾವೇ ಅಳಿಸಬೇಕು. ಪದಗಳು ಬೇರೆ ಡಿಸ್ಕಿನಲ್ಲಿವೆ ಎಂದುಕೊಂಡಿದ್ದೆ. ಹಳೆಯ ಕಸ ಉಳಿಸಿ ಹೊಸದನ್ನು ಹಾಕುವುದು ನನಗೆ ಆಗದು. ಹುಮನಾಬಾದಿನಲ್ಲೇ ಕುಳಿತು ಇಂಟರ್ನೆಟ್ಟಿನ ಮೂಲಕ ಅಳಿಸಿದೆ. ಪದಗಳೂ ಅದರಲ್ಲೇ ಇದ್ದವೇನೋ ಎಂಬ ಅನುಮಾನ ಆಮೇಲೆ ಬಂತು.

ಮಾಸ್ತರರನ್ನು ಮೊದಲೇ ಕೇಳಿದ್ದೆ, ಅವರು ಹೂಂ ಅಂದಿದ್ದರು. ಇದು ನನ್ನ ನೆನಪು. ಸರ್ವರಿನ, ಫೋನಿನ ದಾಖಲೆ ಬೇರೆಯದನ್ನು ಹೇಳುತ್ತದೆ: ಅಳಿಸುವ ಕಮಾಂಡ್ 11:42ಕ್ಕೆ, ಆ ಬಗ್ಗೆ ನಾನು ಅವರಿಗೆ ಮಾಡಿದ ಮೊದಲ ಕರೆ 11:50ಕ್ಕೆ.

“ಮಾಸ್ತರ್, ಪದಗಳದು ಇನ್ನೊಂದು ಕಾಪಿ ಐತಲ್ರಿ?”

“ಎಲ್ಲಿಂದ ಬರಬೇಕಪ್ಪ? ಮೊಬೈಲ್‌ದಾಗ ಜಾಗಾ ಸಾಲಲಿಲ್ಲಂತ ತೆಗದೇನಿ. ಎಲ್ಲಾ ನಿನ್ನ ಡಬ್ಬಿದಾಗೇ ಅವ.”

ಮಧ್ಯಾಹ್ನವೇ ಬಸವಕಲ್ಯಾಣಕ್ಕೆ ಹೋದೆ. ಎರಡು ದಿನ ಹುಡುಕಿದಾಗ ಕೆಲವು ಫೈಲುಗಳ ಹೆಸರು ಸಿಕ್ಕವು. ದನಿ ಸಿಗಲಿಲ್ಲ.

ಅದರ ಮರುದಿನ ಶುಕ್ರವಾರ. ಹುಡಗಿ ಎಂಬ ಊರಿನಿಂದ ರಾಬಿಯಾಬಿ ಬಂದರು. ಪದ ಹಾಡುತ್ತಿದ್ದ ಅವರ ಗಂಡ ಖಾಸಿಂಸಾಬರು ಹಿಂದಿನ ವರ್ಷ ತೀರಿಕೊಂಡಿದ್ದರು. ಅಂದಿನಿಂದ ಪ್ರತಿ ಶುಕ್ರವಾರ ಬಸ್ಸು ಹತ್ತಿ ಬಂದು ಗಂಡನ ದನಿ ಕೇಳಿ ಹೋಗುತ್ತಿದ್ದರು.

“ಇವತ್ತ ಮಷೀನ್ ಕೆಟ್ಟದರಿ, ಬೀಬಿ,” ಎಂದರು ಮಾಸ್ತರರು.

“ಮನ್ಯಾಗಿದ್ದಾಗನೂ ಒಂದ್ ಸಲ ಕರದ್ರ ಓ ಅಂದವರಲ್ಲ. ಮಷೀನ್‌ದಾಗ ಕುಂತೂ ಅದೇ ಆಟ ನಡಸ್ಯಾರೇನು?”

ಮಾಸ್ತರರು ನಕ್ಕರು. ನನಗೆ ಆಗಲಿಲ್ಲ.

“ಕೆಟ್ಟಿಲ್ರಿ ಅಮ್ಮಾ. ನಾನೇ ಅಳಿಸೀನಿ. ತಿರುಗಿ ಬರಂಗಿಲ್ಲ.”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಪದ ಹೋದ್ರ ಹೋಗ್ಲಿ ಬೇಟಾ. ಊರಾಗ ಇನ್ನಾ ನಾಕ್ ಮಂದಿ ಹಾಡ್ತಾರ. ನಡುವ ಹಾಡೋದು ನಿಲ್ಲಿಸಿ ‘ರಾಬಿಯಾ, ಪಾನಿ ಲಾ’ ಅಂತ ನೀರ್ ಕೇಳ್ತಿದ್ರಲ್ಲ, ಅಷ್ಟರೆ ಎಲ್ಲೆರೆ ಉಳದದೇನು ನೋಡು.”

ನೋಡಿದೆ. ಇಲ್ಲವೆಂದು ಗೊತ್ತಿದ್ದೂ ಅವರ ಎದುರಿಗೆ ಅರ್ಧ ಗಂಟೆ ಹುಡುಕಿದೆ. ಮುಂದಿನ ಶುಕ್ರವಾರ ಅವರು ಬರಲಿಲ್ಲ.

ಈಗ ಯಾವ ಸರ್ವರಿನಲ್ಲೂ ಏನನ್ನಾದರೂ ಅಳಿಸುವ ಮೊದಲು ಒಪ್ಪಿಗೆಯನ್ನು ಬರೆಸಿಕೊಳ್ಳುತ್ತೇನೆ. ಕೆಲಸ ಕಲಿಸಿದ್ದು ಅಷ್ಟು. ಮಾಸ್ತರರು ಸಿಕ್ಕಾಗಲೆಲ್ಲ, “ನೀ ಕೇಳಿದ್ದಿ, ನಾನೇ ಹೂಂ ಅಂದಿದ್ದೆ ಬಿಡು,” ಎನ್ನುತ್ತಾರೆ. ಒಂದೊಂದು ಸಲ ನಂಬಿಬಿಡುತ್ತೇನೆ. ಆಗ ಆ ದಿನದ ದಾಖಲೆ ತೆಗೆದು ನೋಡುತ್ತೇನೆ: 11:42, 11:50. ಅದರ ಪ್ರತಿಗಳನ್ನು ಮೂರು ಕಡೆ ಇಟ್ಟಿದ್ದೇನೆ.